ಟಾರ್ಗೆಟ್ ಬೋರ್ಡು, ಓಟಿ ರಿಜಿಸ್ಟರ್, ಪ್ರಾರ್ಥನೆ: ಕ್ರೈಸ್ತ ಮ್ಯಾನೇಜರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವನು ಈಗ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೇನೆ. ಆರು ಲೈನ್, ಒಂದೊಂದರಲ್ಲಿ ನಲವತ್ತು ಟೈಲರ್‌ಗಳು, ಹೆಚ್ಚಿನವರು ಹೆಣ್ಣುಮಕ್ಕಳು. ನಾನು ಕ್ರೈಸ್ತ. ‘ಕೆಲಸದ ಜಾಗದಲ್ಲಿ ಸಾಕ್ಷಿಯಾಗಿರು, ಶಿಫ್ಟ್‌ಗೆ ಮುಂಚೆ ಪ್ರಾರ್ಥನೆ ಇಟ್ಟುಕೋ’ ಎಂದು ಪಾಸ್ಟರ್ ಹೇಳುತ್ತಾರೆ. ‘ಧರ್ಮ ಗೇಟಿನ ಆಚೆಗಿರಲಿ’ ಎಂದು ಎಚ್‌ಆರ್‌ನವರು ಹೇಳುತ್ತಾರೆ. ಮಾಲೀಕರಿಗೆ ಶಿಪ್‌ಮೆಂಟ್ ಹೋದರೆ ಸಾಕು. ಬೈಯದೆ ಪೀಸ್ ಬರುವುದಿಲ್ಲ ಎನ್ನುವುದು ಸೂಪರ್‌ವೈಸರ್‌ಗಳ ಮಾತು. ಓಟಿಗೆ, ಅಂದರೆ ಹೊತ್ತು ಮೀರಿದ ಕೆಲಸಕ್ಕೆ, ಎರಡು ರಿಜಿಸ್ಟರ್ ಇವೆ: ಒಂದು ನಿಜದ್ದು, ಒಂದು ತೋರಿಸುವುದಕ್ಕೆ. ಇದರ ನಡುವೆ ನನ್ನ ವಿಶ್ವಾಸಕ್ಕೆ ತಕ್ಕಂತೆ ಕೆಲಸ ಮಾಡಿಸುವುದು ಹೇಗೆ?

ಉತ್ತರ: ಪ್ರಾರ್ಥನೆಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಟಾರ್ಗೆಟ್ ಬೋರ್ಡು ನೋಡಿ. ನಿಮ್ಮ ಕೈಯಲ್ಲಿ ಇನ್ನೂರ ನಲವತ್ತು ಜನರ ದಿನವಿದೆ: ಅವರು ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ, ಎಷ್ಟು ಸಂಬಳ ತರುತ್ತಾರೆ, ಯಾವ ಮಾತು ಕೇಳಿಸಿಕೊಂಡು ಹೋಗುತ್ತಾರೆ ಎಂಬುದೆಲ್ಲ ನಿಮ್ಮ ತೀರ್ಮಾನದ ಮೇಲೆ ನಿಂತಿದೆ. ಅಧಿಕಾರ ಇರುವ ಈ ಜಾಗಗಳಲ್ಲಿ ವಿಶ್ವಾಸ ಕಾಣದಿದ್ದರೆ, ಗೋಡೆಗೆ ಹಾಕಿದ ವಾಕ್ಯವನ್ನು ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಬೈಬಲಿನ ವಿಮೋಚನಕಾಂಡದ 5ನೇ ಅಧ್ಯಾಯವನ್ನು ಮ್ಯಾನೇಜರ್ ಆಗಿ ಇನ್ನೊಮ್ಮೆ ಓದಿ. ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ಈಜಿಪ್ಟಿನ ಅರಸ ಫರೋಹ ನಿಲ್ಲಿಸುತ್ತಾನೆ, ಆದರೆ ಇಟ್ಟಿಗೆಯ ಲೆಕ್ಕ ಒಂದೂ ಕಡಿಮೆಯಾಗಬಾರದು ಎನ್ನುತ್ತಾನೆ. ಲೆಕ್ಕ ತಪ್ಪಿದಾಗ ಏಟು ತಿನ್ನುವವರು ಇಸ್ರಾಯೇಲ್ಯರ ಮೇಸ್ತ್ರಿಗಳು. ಅವರು ಹೋಗಿ ದೂರಿಕೊಂಡರೆ ಸಿಗುವ ಉತ್ತರ ‘ನೀವು ಮೈಗಳ್ಳರು’ ಎಂಬುದು. ಸೂಪರ್‌ವೈಸರ್ ಆಗಿದ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ನೀವು ನಿಂತಿದ್ದು ಆ ಮೇಸ್ತ್ರಿಗಳ ಜಾಗದಲ್ಲಿ. ಈಗ ಹುಲ್ಲು ಸರಿಯಾಗಿ ಬರುತ್ತಿದೆಯೇ ಎಂದು ನೋಡಬೇಕಾದ ಜಾಗದಲ್ಲಿದ್ದೀರಿ.

ಒಂದು ಲೈನಿನ ಲೆಕ್ಕ ಹಾಕಿ ನೋಡೋಣ. ಶರ್ಟಿನ ಸ್ಯಾಮ್, ಅಂದರೆ ಒಂದು ಪೀಸ್‌ಗೆ ಗೊತ್ತುಮಾಡಿದ ಒಟ್ಟು ಹೊಲಿಗೆ ಸಮಯ, 20 ನಿಮಿಷ ಎಂದಿಟ್ಟುಕೊಳ್ಳಿ. ನಲವತ್ತು ಟೈಲರ್‌ಗಳು ಗಂಟೆಗೆ 2,400 ನಿಮಿಷದ ಕೆಲಸ ಕೊಡುತ್ತಾರೆ. ಅದನ್ನು 20ರಿಂದ ಭಾಗಿಸಿದರೆ 120 ಪೀಸ್. ಇದು ನೂರಕ್ಕೆ ನೂರು ದಕ್ಷತೆಯಲ್ಲಿ. ಲೈನ್ ನಿಜಕ್ಕೂ ಓಡುತ್ತಿರುವುದು 55%ರಲ್ಲಿ ಆದರೆ ಗಂಟೆಗೆ 66 ಪೀಸ್, ಎಂಟು ಗಂಟೆಗೆ 528. ಇವತ್ತು ಆರು ಜನ ಬಂದಿಲ್ಲ ಎಂದರೆ ಅದೇ ಲೆಕ್ಕದಲ್ಲಿ ಗಂಟೆಗೆ 56. ಬೋರ್ಡಿನ ಮೇಲೆ 100 ಎಂದು ಬರೆದಿದ್ದರೆ ಉಳಿದ 44 ಪೀಸ್ ಎಲ್ಲಿಂದ ಬರಬೇಕು? ಊಟದ ಅರ್ಧ ಗಂಟೆಯಿಂದ, ನೀರು ಕುಡಿಯದೆ ತಡೆದುಕೊಂಡ ಹೊಟ್ಟೆಯಿಂದ, ರಿಜಿಸ್ಟರ್‌ಗೆ ಏರದ ಸಂಜೆಯ ಗಂಟೆಗಳಿಂದ. ಅಲ್ಲಿಂದಲೇ ಬರುತ್ತಿದೆ.

ಧರ್ಮೋಪದೇಶಕಾಂಡದ 25ನೇ ಅಧ್ಯಾಯ, ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಟುಕೊಳ್ಳಬಾರದು ಎನ್ನುತ್ತದೆ. ಆಗುವುದಿಲ್ಲ ಎಂದು ಗೊತ್ತಿದ್ದೂ ಬೋರ್ಡಿನ ಮೇಲೆ ಬರೆದ ಟಾರ್ಗೆಟ್ ಕೂಡ ಕಳ್ಳತೂಕವೇ. ಹಾಗಾಗಿ ಮೊದಲ ವಾರ ಮಾಡಬೇಕಾದ್ದು ಇಷ್ಟು: ಪ್ರತಿ ಲೈನಿಗೂ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರ ಜೊತೆ ಕೂತು ಇವತ್ತು ಬಂದ ಜನ, ಇವತ್ತಿನ ಸ್ಟೈಲ್, ಹಿಂದಿನ ಹತ್ತು ದಿನಗಳ ನಿಜವಾದ ದಕ್ಷತೆ ಈ ಮೂರರಿಂದ ಟಾರ್ಗೆಟ್ ಬರೆಯಿರಿ. ಹೊಸ ಸ್ಟೈಲ್ ಬಂದ ಮೊದಲ ದಿನಗಳಲ್ಲಿ ಕೈ ಹೊಂದಿಕೊಳ್ಳುವುದು ನಿಧಾನ, ಅದಕ್ಕೆ ಟಾರ್ಗೆಟ್ ಇಳಿಸಿ ದಿನದಿನಕ್ಕೆ ಏರಿಸಿ. ಪೀಸ್ ಕಡಿಮೆ ಬಂದ ಗಂಟೆಯಲ್ಲಿ ಟೈಲರ್ ಕಡೆ ನೋಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಕಟಿಂಗ್‌ನಿಂದ ಬಂಡಲ್ ಹೊತ್ತಿಗೆ ಬಂತೇ? ದಾರ, ಬಟನ್, ಲೇಬಲ್ ಇತ್ತೇ? ಕೆಟ್ಟ ಮೆಷಿನ್‌ಗೆ ಮೆಕ್ಯಾನಿಕ್ ಬರಲು ಎಷ್ಟು ಹೊತ್ತಾಯಿತು? ಯಾವ ಆಪರೇಷನ್‌ನಲ್ಲಿ ಪೀಸ್ ಗುಡ್ಡೆ ಬಿದ್ದಿದೆ? ಕಾಲರ್ ಅಟ್ಯಾಚ್‌ನಲ್ಲಿ ಗಂಟೆಗೆ 50 ಮಾತ್ರ ಆಗುವುದಾದರೆ ಇಡೀ ಲೈನಿಗೆ 50ಕ್ಕಿಂತ ಹೆಚ್ಚು ಬರದು. ಕಫ್ ಹೊಲಿಯುವ ಹೆಂಗಸಿಗೆ ಬೈದರೆ ಕಾಲರ್ ಹೊಲಿಗೆ ಮುಂದೆ ಹೋಗುವುದಿಲ್ಲ.

ಬೈಗುಳದ ಮಾತೂ ಇಲ್ಲೇ ಬರುತ್ತದೆ. ಬೈದಾಗ ಅರ್ಧ ಗಂಟೆ ಕೈ ಚುರುಕಾದಂತೆ ಕಾಣುವುದು ನಿಜ, ಸೂಪರ್‌ವೈಸರ್‌ಗಳು ಅದನ್ನೇ ನೋಡಿ ನಂಬಿದ್ದಾರೆ. ಆ ಅರ್ಧ ಗಂಟೆಯ ಪೀಸ್‌ಗಳಲ್ಲಿ ಎಷ್ಟು ಆಲ್ಟರ್‌ಗೆ, ಅಂದರೆ ಬಿಚ್ಚಿ ಮತ್ತೆ ಹೊಲಿಯುವುದಕ್ಕೆ, ವಾಪಸ್ ಬಂದವು, ಬೈಸಿಕೊಂಡವರಲ್ಲಿ ಎಷ್ಟು ಜನ ಮರುದಿನ ರಜೆ ಹಾಕಿದರು ಎಂದು ಯಾರೂ ಬರೆದಿಡುವುದಿಲ್ಲ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ ಯಜಮಾನರಿಗೆ ನೇರವಾಗಿ ಹೇಳುತ್ತಾನೆ: ಬೆದರಿಸುವುದನ್ನು ಬಿಡಿ, ನಿಮಗೂ ಅವರಿಗೂ ಯಜಮಾನನಾದವನು ಪರಲೋಕದಲ್ಲಿದ್ದಾನೆ. ದೇವರನ್ನು ಕೊಂಡಾಡುವ ನಾಲಿಗೆಯಿಂದಲೇ ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುತ್ತೇವಲ್ಲ ಎಂದು ಯಾಕೋಬ ಮರುಗುತ್ತಾನೆ. ಭಾನುವಾರ ಹಾಡುವವರು ಸೋಮವಾರ ಫ್ಲೋರ್‌ನಲ್ಲಿ ನಿಂತಾಗ ನೆನಪಿಡಬೇಕಾದ ವಾಕ್ಯ ಅದು.

‘ಬೈಯಬೇಡಿ’ ಎಂದು ಸರ್ಕ್ಯುಲರ್ ಹೊರಡಿಸಿದರೆ ಏನೂ ಆಗದು. ಸೂಪರ್‌ವೈಸರ್ ಬೈಯುವುದು ತನ್ನ ತಲೆಯ ಮೇಲೆ ಬೀಳುವ ಒತ್ತಡವನ್ನು ಕೆಳಗೆ ದಾಟಿಸುವುದಕ್ಕೆ. ಆದ್ದರಿಂದ ಗಂಟೆಗಂಟೆಗೆ ಅವನನ್ನು ಎಲ್ಲರೆದುರು ನಿಲ್ಲಿಸಿ ಕೇಳುವುದನ್ನು ಮೊದಲು ನೀವು ಬಿಡಬೇಕು. ಆಮೇಲೆ ಅವನಿಗೆ ಮೂರು ಗೆರೆ ಎಳೆದು ಕೊಡಿ: ಹೋಗೇ ಬಾರೇ ಎಂಬ ಏಕವಚನ ಇಲ್ಲ, ‘ಅಕ್ಕಾ’ ಎನ್ನಲಿ ಅಥವಾ ಹೆಸರಿಗೆ ‘ಅವರೇ’ ಸೇರಿಸಲಿ. ಪೀಸ್ ಎಸೆಯುವುದಿಲ್ಲ. ಟಾಯ್ಲೆಟ್‌ಗೆ ಹೋದವರ ಲೆಕ್ಕ ಇಡುವುದಿಲ್ಲ. ಈ ಗೆರೆ ದಾಟಿದವರನ್ನು ತಿದ್ದುವುದಕ್ಕೆ ಮತ್ತಾಯ 18:15ರ ಕ್ರಮವೇ ಸಾಕು. ಮೊದಲ ಸಲ ಒಬ್ಬರೇ ಕರೆದು, ಬಾಗಿಲು ಹಾಕಿ, ಯಾವ ದಿನ ಯಾರಿಗೆ ಏನಂದಿರಿ ಎಂದು ನಿರ್ದಿಷ್ಟವಾಗಿ ಹೇಳಿ. ಎರಡನೇ ಸಲ ಎಚ್‌ಆರ್‌ನವರನ್ನು ಕೂರಿಸಿಕೊಂಡು ಬರವಣಿಗೆಯಲ್ಲಿ. ಮೂರನೇ ಸಲ ಕಂಪನಿಯ ಶಿಸ್ತುಕ್ರಮ. ತಪ್ಪು ಮಾಡಿದ ಟೈಲರ್‌ಗೂ ಇದೇ ಕ್ರಮ ಇರಲಿ, ಮೇಲಿನವರಿಗೊಂದು ಕೆಳಗಿನವರಿಗೊಂದು ಆಗಬಾರದು.

ಒಂದು ಕಡೆ ಮಾತ್ರ ಮತ್ತಾಯ 18ನ್ನು ತರಲೇಬೇಡಿ. ಸೂಪರ್‌ವೈಸರ್ ಮೈಮುಟ್ಟಿದ, ಅಸಹ್ಯ ಮಾತಾಡಿದ ಎಂದು ಹೆಣ್ಣುಮಗಳೊಬ್ಬಳು ಬಂದು ಹೇಳಿದರೆ ‘ಮೊದಲು ನೀವೇ ಅವನ ಹತ್ತಿರ ಮಾತಾಡಿ, ಕ್ಷಮಿಸಿ’ ಎನ್ನುವುದು ದೊಡ್ಡ ಅನ್ಯಾಯ, ವಿಶ್ವಾಸಿಗಳೇ ಈ ತಪ್ಪನ್ನು ಹೆಚ್ಚಾಗಿ ಮಾಡುತ್ತಾರೆ. ಅವನ ಕೈಯಲ್ಲಿ ಅವಳ ಹಾಜರಿ, ರಜೆ, ಮೆಷಿನ್ ಎಲ್ಲ ಇದೆ. ಅವಳು ಒಬ್ಬಳೇ ಅವನೆದುರು ಹೋಗುವುದು ಸಹೋದರರಿಬ್ಬರ ಮಾತುಕತೆ ಆಗುವುದಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರೊಬ್ಬರು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬಹುದು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ರಾಜಿ ಬೇಕೆಂದು ಅವಳೇ ಕೇಳಿದರೆ ಮಾತ್ರ ರಾಜಿ, ಅದೂ ದುಡ್ಡಿನ ಮೇಲೆ ಅಲ್ಲ. ದೂರು ಬರೆಯಲು ಅವಳಿಗೆ ನೆರವು ಕೊಡಿಸಿ, ವಿಚಾರಣೆ ನಡೆಯುವಷ್ಟು ದಿನ ಅವನು ಅವಳ ಲೈನಿನಲ್ಲಿ ಇರದಂತೆ ಸಮಿತಿಯ ಮೂಲಕ ನೋಡಿಕೊಳ್ಳಿ. ಸ್ಥಳ ಬದಲಾಗಬೇಕಾದವನು ಅವನು. ರೂತಳ ಪುಸ್ತಕದ ಬೋವಜನನ್ನು ನೋಡಿ: ಹೊರಗಿನಿಂದ ಬಂದ ಬಡ ವಿಧವೆ ಹೊಲದಲ್ಲಿ ಹಕ್ಕಲಾಯುತ್ತಿರುವಾಗ, ಅವಳಿಗೆ ಹುಷಾರಾಗಿರು ಎಂದಷ್ಟೇ ಹೇಳಿ ಬಿಡಲಿಲ್ಲ. ಅವಳನ್ನು ಮುಟ್ಟಬಾರದೆಂದು ಆಳುಗಳಿಗೆ ಅಪ್ಪಣೆ ಕೊಟ್ಟ. ನೀರು ತುಂಬಿಟ್ಟ ಜಾಗ ತೋರಿಸಿದ. ಊಟದ ಹೊತ್ತಿಗೆ ಜೊತೆಗೆ ಕೂರಿಸಿಕೊಂಡ. ಇದು ಸುಗ್ಗಿಯ ನಡುವೆ, ಕೆಲಸದ ಒತ್ತಡ ತುದಿಯಲ್ಲಿದ್ದಾಗ.

ಈಗ ಎರಡು ರಿಜಿಸ್ಟರ್. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುಂಚೆ ಕೊಡಬೇಕು, ಅವನು ಬಡವ, ಅದರ ಮೇಲೆ ಆಸೆ ಇಟ್ಟುಕೊಂಡಿದ್ದಾನೆ ಎನ್ನುತ್ತದೆ ಧರ್ಮೋಪದೇಶಕಾಂಡ 24. ಹಿಡಿದಿಟ್ಟುಕೊಂಡ ಕೂಲಿ ತಾನೇ ಕೂಗುತ್ತದೆ ಎನ್ನುತ್ತದೆ ಯಾಕೋಬನ ಪತ್ರ. ನಿಮ್ಮಲ್ಲಿ ಅದು ಎಷ್ಟಾಗುತ್ತದೆ ಎಂದು ರೂಪಾಯಿಯಲ್ಲಿ ನೋಡಿ. ತಿಂಗಳಿಗೆ ₹13,000 ಸಂಬಳ ಎಂದಿಟ್ಟುಕೊಂಡರೆ, 26 ದಿನ, ದಿನಕ್ಕೆ ಎಂಟು ಗಂಟೆ ಲೆಕ್ಕದಲ್ಲಿ ಗಂಟೆಗೆ ₹62.50. ಓಟಿಗೆ ಎರಡರಷ್ಟು, ₹125. ತಿಂಗಳಲ್ಲಿ ಹತ್ತು ಸಂಜೆ ಎರಡೆರಡು ಗಂಟೆ ನಿಲ್ಲಿಸಿಕೊಂಡರೆ ₹2,500. ಅದು ರಿಜಿಸ್ಟರ್‌ಗೆ ಬರದೆ ಏನೂ ಕೊಡದಿದ್ದರೆ ಒಬ್ಬ ತಾಯಿಯ ಮನೆಯಿಂದ ಅಷ್ಟೂ ಹಣ, ಒಂದರಷ್ಟು ಮಾತ್ರ ಕೈಗೆ ಕೊಟ್ಟು ಕಳಿಸಿದರೆ ಅದರ ಅರ್ಧ ಹೋಯಿತು ಎಂದೇ ಅರ್ಥ. ಏನೂ ಕೊಡದಿದ್ದರೆ 240 ಜನರಿಗೆ ₹6 ಲಕ್ಷ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ, ಕೆಲಸ ಬಿಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ, ಹಿಡಿದ ಪಿಎಫ್ 15ನೇ ತಾರೀಕಿನೊಳಗೆ ಕಟ್ಟಬೇಕು. ಈ ಮೂರು ತಾರೀಕುಗಳು ನಿಮ್ಮ ಕ್ಯಾಲೆಂಡರ್‌ನಲ್ಲಿ ಇರಲಿ. ಓಟಿ ಬೇಕಾದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಕೇಳಿ. ಸಂಜೆ ಐದೂವರೆಗೆ ಗೇಟು ಮುಚ್ಚಿ ಕೇಳುವುದು ಕೇಳಿದಂತಲ್ಲ. ಶಾಲೆ ಬಿಟ್ಟು ಬರುವ ಮಗು ಇರುವವರು ಒಲ್ಲೆ ಎಂದರೆ ಅದಕ್ಕೆ ಮರುದಿನ ಸೇಡು ತೀರಿಸಿಕೊಳ್ಳದಂತೆ ನೋಡಿಕೊಳ್ಳಿ.

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಬಗ್ಗೆ ಒಂದು ಮಾತು. ಆ ಆಜ್ಞೆ ಧರ್ಮೋಪದೇಶಕಾಂಡ 5ರಲ್ಲಿ ಬರುವಾಗ, ನಿನ್ನ ದಾಸದಾಸಿಯರಿಗೂ ನಿನ್ನಂತೆಯೇ ವಿಶ್ರಾಂತಿ ಸಿಗಬೇಕು ಎಂಬ ಕಾರಣವನ್ನು ಕೊಡುತ್ತದೆ. ಶಿಪ್‌ಮೆಂಟ್ ಇದೆ ಎಂದು ಭಾನುವಾರ ಎರಡು ಲೈನ್ ಕರೆಸಿ, ಮ್ಯಾನೇಜರ್ ಆರಾಧನೆಗೆ ಹೋಗುವುದು ಆಜ್ಞೆಯನ್ನು ಅರ್ಧ ಪಾಲಿಸಿದಂತೆ. ಭಾನುವಾರ ಕೆಲಸ ತಪ್ಪಿಸಲಾಗದ ವಾರದಲ್ಲಿ ಬದಲಿ ರಜೆಯ ದಿನವನ್ನು ಮೊದಲೇ ಬೋರ್ಡಿನಲ್ಲಿ ಬರೆದುಹಾಕಿ, ಆಮೇಲೆ ಕರೆಸಿ.

ಮಾಲೀಕರಿಗೆ ಇದನ್ನೆಲ್ಲ ಹೇಳುವುದು ಹೇಗೆ? ವಾಕ್ಯ ಹೇಳಿ ಅಲ್ಲ. ದಾನಿಯೇಲ 1ನೇ ಅಧ್ಯಾಯದ ವಿಧಾನ ನನಗೆ ಎಲ್ಲಕ್ಕಿಂತ ಪ್ರಾಯೋಗಿಕವಾಗಿ ಕಾಣುತ್ತದೆ. ಅರಸನ ಊಟ ಒಲ್ಲೆ ಎಂದು ದಾನಿಯೇಲ ಕೂಗಾಡಲಿಲ್ಲ. ಮೇಲ್ವಿಚಾರಕನ ಭಯ ಏನೆಂದು ಅರಿತು, ಹತ್ತು ದಿನ ಪರೀಕ್ಷಿಸಿ ನೋಡಿ ಎಂದ. ನೀವೂ ಒಂದು ಲೈನ್ ಆರಿಸಿಕೊಳ್ಳಿ, ಹತ್ತು ಕೆಲಸದ ದಿನ ಕೇಳಿ. ಆ ಲೈನಿನಲ್ಲಿ ನಿಜವಾದ ಟಾರ್ಗೆಟ್, ಒಂದೇ ರಿಜಿಸ್ಟರ್, ಬೈಗುಳವಿಲ್ಲ. ಅದರ ಜೊತೆಗೆ ಅದೇ ಥರದ ಸ್ಟೈಲ್ ಓಡುತ್ತಿರುವ ಇನ್ನೊಂದು ಲೈನನ್ನು ಹೋಲಿಸಿ. ದಿನಾ ನಾಲ್ಕು ಅಂಕಿ ಬರೆದಿಡಿ: ಮುಗಿದ ಪೀಸ್, ನೂರಕ್ಕೆ ಎಷ್ಟು ಆಲ್ಟರ್, ಎಷ್ಟು ಜನ ಗೈರು, ಬಂಡಲ್ ಅಥವಾ ಮೆಷಿನ್‌ಗಾಗಿ ಕಾದ ನಿಮಿಷ. ಸ್ಟೈಲ್ ಬದಲಾಗುವ ವಾರದಲ್ಲಿ ಶುರು ಮಾಡಬೇಡಿ, ಅಂಕಿ ಕಲಸಿಹೋಗುತ್ತದೆ. ಒಳ್ಳೆಯ ಟೈಲರ್‌ಗಳನ್ನೆಲ್ಲ ಆ ಲೈನಿಗೆ ಸೇರಿಸಿಯೂ ಬೇಡ, ಅದು ಮತ್ತೆ ಕಳ್ಳತೂಕ. ಫಲಿತಾಂಶ ನೀವು ಬಯಸಿದಷ್ಟು ಚೆನ್ನಾಗಿ ಬರದೆ ಇರಬಹುದು. ಬಂದ ಅಂಕಿಯನ್ನೇ ತೋರಿಸಿ. ಕಾದ ನಿಮಿಷಗಳ ಸಾಲು ಒಂದೇ ಸಾಕು, ನಷ್ಟ ಟೈಲರ್‌ಗಳ ಕೈಯಲ್ಲಿದೆಯೋ ಕಟಿಂಗ್ ಟೇಬಲ್‌ನಲ್ಲಿದೆಯೋ ಎಂದು ಮಾಲೀಕರಿಗೆ ಕಾಣುತ್ತದೆ.

ಮಾತಿಗೆ ಕೂರುವ ಮುಂಚೆ ನೆಹೆಮೀಯ 5ನ್ನೂ ಓದಿಕೊಳ್ಳಿ. ಬಡವರ ಕೂಗು ಕೇಳಿ ಅವನಿಗೆ ಬಹಳ ಸಿಟ್ಟು ಬಂತು, ಆದರೆ ಮನಸ್ಸಿನಲ್ಲೇ ಆಲೋಚಿಸಿ ಆಮೇಲೆ ಶ್ರೀಮಂತರನ್ನು ಕರೆದ. ಜೊತೆಗೆ ರಾಜ್ಯಪಾಲನಾಗಿ ತನಗೆ ಸಲ್ಲಬೇಕಾದ ಭತ್ಯೆಯನ್ನು ಹನ್ನೆರಡು ವರ್ಷ ಅವನು ಮುಟ್ಟಿರಲಿಲ್ಲ; ಅವನ ಮಾತಿಗೆ ಬಲ ಬಂದದ್ದು ಅದರಿಂದ. ನಿಮ್ಮ ಇನ್ಸೆಂಟಿವ್ ಬರೀ ಪೀಸ್ ಸಂಖ್ಯೆಯ ಮೇಲೆ ನಿಂತಿದ್ದರೆ ಅದರಲ್ಲಿ ಒಂದು ಪಾಲನ್ನು ಆಲ್ಟರ್ ಮತ್ತು ಗೈರುಹಾಜರಿಯ ಅಂಕಿಗೆ ಕಟ್ಟುವಂತೆ ನೀವೇ ಕೇಳಿ.

ಆಡಿಟ್ ಬಂದಾಗ ಟೈಲರ್‌ಗಳಿಗೆ ಸುಳ್ಳು ಉತ್ತರ ಹೇಳಿಕೊಡುವ ಕೆಲಸದಿಂದ ಮೊದಲ ದಿನವೇ ಹಿಂದೆ ಸರಿಯಿರಿ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದು ಕರ್ತನು ಹೇಳಿದ ಮಾತನ್ನು ಸುತ್ತಿ ಬಳಸಿ ಅರ್ಥಮಾಡಲು ಆಗದು. ಸರ್ಕಾರಿ ಕಚೇರಿಯ ಮಾಮೂಲಿನ ವಿಷಯದಲ್ಲೂ ಹಾಗೆಯೇ. ಲಂಚ ಕಣ್ಣಿದ್ದವರನ್ನು ಕುರುಡು ಮಾಡುತ್ತದೆ ಎನ್ನುತ್ತದೆ ವಿಮೋಚನಕಾಂಡ 23. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಹೆಚ್ಚಿನ ಮಾಮೂಲು ಹುಟ್ಟುವುದು ನಮ್ಮ ಕಾಗದಪತ್ರ ಸರಿ ಇಲ್ಲದ ಕಡೆ. ಲೈಸೆನ್ಸ್ ನವೀಕರಣ, ಬೆಂಕಿ ಸುರಕ್ಷತೆ, ಹಾಜರಿ, ಸಂಬಳದ ದಾಖಲೆಗಳು ಒಂದೇ ಫೈಲಿನಲ್ಲಿ ಸಿದ್ಧವಿದ್ದರೆ ಕೇಳುವವರ ಬಾಯಿ ಅರ್ಧ ಮುಚ್ಚುತ್ತದೆ.

ಇನ್ನು ಪ್ರಾರ್ಥನೆ. ಶಿಫ್ಟ್‌ಗೆ ಮುಂಚಿನ ಪ್ರಾರ್ಥನೆ ಬೇಡ. ನಿಮ್ಮ ಪಾಸ್ಟರ್ ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಆದರೆ ಅವರು ಚರ್ಚಿನ ಸಭೆಯನ್ನು ನೋಡಿ ಹೇಳಿದರು. ಅಲ್ಲಿ ಬಂದವರು ಬಯಸಿ ಬಂದವರು. ಫ್ಲೋರ್‌ನಲ್ಲಿ ರಜೆಗೆ ಸಹಿ ಹಾಕುವವನು ಕೈಮುಗಿದು ನಿಂತಾಗ ಎದುರಿಗಿರುವ ಯಾರಿಗೂ ‘ನನಗೆ ಬೇಡ’ ಎನ್ನುವ ಧೈರ್ಯ ಇರುವುದಿಲ್ಲ. ಅಂಥ ಆಮೆನ್‌ಗೆ ಬೆಲೆ ಇಲ್ಲ. ಕರಾವಳಿಯ ಚರಿತ್ರೆಯಲ್ಲೇ ಇದಕ್ಕೊಂದು ಪಾಠವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಕ್ರೈಸ್ತರಾಗಿ ಕುಲಕಸುಬು ಕಳೆದುಕೊಂಡವರಿಗೆ ದುಡಿಮೆ ಕೊಡಲೆಂದು ನೇಯ್ಗೆ ಕಾರ್ಖಾನೆ ಕಟ್ಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚಿಗೆ ಹೆಸರು ಬಂದದ್ದೇ ಹಾಗೆ, ಎಷ್ಟೋ ಮನೆಗಳು ಅದರಿಂದ ನೆಲೆ ಕಂಡವು. ಆ ಕೆಲಸದ ಮೇಲೆ ನನಗೆ ಬಹಳ ಗೌರವವಿದೆ. ಆದರೂ ಸಂಬಳ ಕೊಡುವ ಕೈ, ಸಭೆ ನಡೆಸುವ ಕೈ ಎರಡೂ ಅಲ್ಲಿ ಒಂದೇ ಆಗಿತ್ತು. ಹಾಗಾದಾಗ ಒಬ್ಬನ ಭಕ್ತಿಯಲ್ಲಿ ಹೊಟ್ಟೆಪಾಡು ಎಷ್ಟು ಬೆರೆತಿದೆ ಎಂದು ಅವನಿಗೇ ಬಿಡಿಸಿ ನೋಡುವುದು ಕಷ್ಟವಾಗುತ್ತದೆ. ಆ ಗೊಂದಲವನ್ನು ನಿಮ್ಮ ಟೈಲರ್‌ಗಳ ಮೇಲೆ ಹೊರಿಸಬೇಡಿ. ಇದೇ ಕಾರಣಕ್ಕೆ ನಿಮ್ಮ ಸಭೆಯವರನ್ನು ಕೆಲಸಕ್ಕೆ ತುಂಬಿಸುವುದೂ ಬೇಡ. ಯಾರಾದರೂ ಅರ್ಜಿ ಹಾಕಿದರೆ ಕೈಪರೀಕ್ಷೆಗೆ ಬೇರೆಯವರನ್ನು ಕೂರಿಸಿ, ನೀವು ಹೊರಗಿರಿ.

ನೀವು ಪ್ರಾರ್ಥಿಸಬಾರದು ಎಂದಲ್ಲ. ಹಾಜರಿ ಪಟ್ಟಿ ನಿಮ್ಮ ಬಳಿ ಇದೆ. ದಿನಕ್ಕೊಂದು ಲೈನ್, ನಲವತ್ತು ಹೆಸರು, ಮನೆಯಲ್ಲಿ ಬಾಗಿಲು ಹಾಕಿಕೊಂಡು. ಹೆಸರು ಹಿಡಿದು ಪ್ರಾರ್ಥಿಸಿದವರ ಮೇಲೆ ಕೂಗಾಡುವುದು ಕಷ್ಟ. ನಿಮ್ಮ ನಡತೆ ನೋಡಿ ಯಾರಾದರೂ ತಾವಾಗಿ ಕೇಳಿದರೆ ಕೆಲಸದ ಹೊತ್ತಿನ ಹೊರಗೆ, ಕೇಳಿದಷ್ಟಕ್ಕೆ, ವಿನಯದಿಂದ ಉತ್ತರ ಕೊಡಿ. ಅಲ್ಲಿಗೆ ನಿಲ್ಲಿಸಿ. ಕ್ರಿಸ್‌ಮಸ್ ಕೇಕ್ ಕೊಟ್ಟರೆ ಎಲ್ಲರಿಗೂ ಒಂದೇ ಅಳತೆ, ಜೊತೆಗೆ ಕರಪತ್ರ ಬೇಡ.

ಆಯುಧಪೂಜೆಯ ಪ್ರಶ್ನೆ ನಿಮಗೆ ಬಂದೇ ಬರುತ್ತದೆ. ಅಂದು ರಜೆ ಹಾಕಿ ತಪ್ಪಿಸಿಕೊಳ್ಳುವುದು ಸರಿಯಲ್ಲ, ಅದು ನಿಮ್ಮ ಜನರ ಹಬ್ಬ. ಆರತಿ ಎತ್ತುವುದು ನಿಮ್ಮ ಮನಸ್ಸಾಕ್ಷಿಗೆ ಒಪ್ಪದಿದ್ದರೆ ವಾರ ಮುಂಚೆಯೇ ಮಾಲೀಕರಿಗೆ ಹೇಳಿ, ಆ ಗೌರವವನ್ನು ಫ್ಲೋರ್‌ನ ಹಿರಿಯ ಟೈಲರ್ ಒಬ್ಬರಿಗೆ ಕೊಡಿಸಿ. ನೀವು ಹೊತ್ತಿಗೆ ಸರಿಯಾಗಿ ಬಂದು, ಮೆಷಿನ್ ತೊಳೆಯುವುದಕ್ಕೆ ಕೈ ಜೋಡಿಸಿ, ಪೂಜೆಯ ಹೊತ್ತು ಗೌರವದಿಂದ ನಿಂತು, ಸಿಹಿ ಹಂಚಿ. ಪ್ರಸಾದದ ವಿಷಯದಲ್ಲಿ ಕ್ರೈಸ್ತರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. 1 ಕೊರಿಂಥ 8ರಿಂದ 10 ಓದಿ ನೀವೇ ತೀರ್ಮಾನಿಸಿ, ಆದರೆ ಕೊಡಲು ಬಂದವರಿಗೆ ಮುಖ ಸಿಂಡರಿಸಬೇಡಿ. ಅವರ ಬೋನಸ್ ಮಾತ್ರ ಹಬ್ಬಕ್ಕೆ ಮುಂಚೆ ಕೈಸೇರುವಂತೆ ಓಡಾಡಿ.

ಇಷ್ಟು ಮಾಡಿಯೂ ಮಾಲೀಕರು ಒಪ್ಪದಿದ್ದರೆ? ಟಾರ್ಗೆಟ್ ಸ್ವಲ್ಪ ಹೆಚ್ಚಾಯಿತು, ಕೇಳಿದ ಮೆಕ್ಯಾನಿಕ್ ಸಿಗಲಿಲ್ಲ ಎಂಬ ಕಾರಣಕ್ಕೆ ಕೆಲಸ ಬಿಡಬೇಡಿ. ನೀವು ಬಿಟ್ಟ ಜಾಗಕ್ಕೆ ಬರುವವರು ನಿಮಗಿಂತ ಕಟುವಾಗಿರಬಹುದು. ಆದರೆ ಸುಳ್ಳು ರಿಜಿಸ್ಟರ್‌ಗೆ ನಿಮ್ಮ ಸಹಿ, ಕಿರುಕುಳದ ದೂರು ಮುಚ್ಚಿಹಾಕುವುದು, ಬಿಟ್ಟುಹೋದವರ ಸಂಬಳ ಬೇಕೆಂದೇ ಹಿಡಿಯುವುದು, ಈ ಮೂರರಲ್ಲಿ ಒಂದನ್ನು ನಿಮ್ಮ ಕೈಯಿಂದಲೇ ಮಾಡಿಸಲು ಹೊರಟರೆ, ಮೊದಲು ಇಮೇಲ್‌ನಲ್ಲಿ ನಿರಾಕರಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ಹೀಬ್ರೂ ಸೂಲಗಿತ್ತಿಯರಾದ ಶಿಫ್ರಾ ಮತ್ತು ಪೂಗಾ, ಹುಟ್ಟುವ ಗಂಡುಮಕ್ಕಳನ್ನು ಕೊಲ್ಲಿರಿ ಎಂಬ ಫರೋಹನ ಅಪ್ಪಣೆಗೆ ಬಗ್ಗದೆ ನಿಂತದ್ದು ಇಂಥ ಕಡೆಯೇ. ಹಾಗೆ ನಿಲ್ಲಬೇಕೆಂದರೆ ಕೈಯಲ್ಲಿ ಸ್ವಲ್ಪ ಕಾಸಿರಬೇಕು. ಮನೆಬಾಡಿಗೆ, ಶಾಲೆ ಫೀಸು, ಸಾಲದ ಕಂತು ಸೇರಿ ಮೂರು ತಿಂಗಳ ಖರ್ಚನ್ನು ಈಗಿನಿಂದಲೇ ಕೂಡಿಡಿ, ಮನೆಯವರಿಗೆ ಕಾರಣವನ್ನೂ ತಿಳಿಸಿ. ಮುಂದೆ ಬೇರೆ ಕಡೆ ಇಂಟರ್‌ವ್ಯೂಗೆ ಕೂತಾಗ ಸಂಬಳದ ಮಾತಿಗೆ ಮುಂಚೆ ಎರಡು ವಿಷಯ ಕೇಳಿ: ಓಟಿ ಬರೆಯುವ ರಿಜಿಸ್ಟರ್ ಎಷ್ಟು, ಮತ್ತು ಕಳೆದ ತಿಂಗಳು ಕೆಲಸ ಬಿಟ್ಟವರ ಸೆಟ್ಲ್‌ಮೆಂಟ್ ಎಷ್ಟನೇ ದಿನ ಆಯಿತು.